ಕತ್ತಲೆಗೆ ರಿಯಾಯಿತಿ ಇಲ್ಲ

ನಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಿರುವ ಚಿತ್ರಕ್ಕೆ ನಾನು ಎಂಟುನೂರು ಯೂರೋ ಕೊಟ್ಟಿದ್ದೇನೆ. ಹ್ಯಾನೋವರಿನಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟುಕೊಂಡವಳು ನಾನು. ಫ್ಲೋಮಾರ್ಕ್ಟ್ ಎಂದು ಇಲ್ಲಿಯವರು ಕರೆಯುವ ಭಾನುವಾರದ ಸಂತೆಯಲ್ಲಿ ಕಪ್ಪು-ಬಸಿ ಕೊಂಡು ಮಾರಿ ಮೇಲೆ ಬಂದವಳು. ಹೇಳಿದ ಬೆಲೆಗೆ ಒಪ್ಪಿ ನಾನು ಮನೆಗೆ ತಂದ ವಸ್ತು ಇದೊಂದೇ. ಅದೂ ಎಂಥ ಚಿತ್ರ? ಮುಕ್ಕಾಲು ಪಾಲು ಬರೀ ಕತ್ತಲೆ.

ಚಿತ್ರ ಬರೆದವರು ನಮ್ಮ ಕಟ್ಟಡದ ಮೂರನೇ ಮಹಡಿಯ ಅಜ್ಜ. ಬೆಲೆ ಕೇಳಿದ ದಿನ ಅವರು ಎಂದಿನಂತೆ ಎಡ ಅಂಗೈಯನ್ನು ಹಣೆಯ ಮುಂದೆ ಎತ್ತಿ, ಮೇಲಿನ ಬಲ್ಬನ್ನು ತಮ್ಮ ಕಣ್ಣಿಗೆ ಮರೆಮಾಡಿ ನಿಂತಿದ್ದರು. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಆ ಕೈ ಮೇಲೇಳುತ್ತಿತ್ತು. ಬೆರಳ ಸಂದುಗಳಲ್ಲಿ ಎಷ್ಟು ತೊಳೆದರೂ ಹೋಗದ ಕಂದು ಬಣ್ಣ. ಬಲ್ಬು ಮರೆಯಾದ ಮೇಲೆ, ಆ ಬೆಳಕು ಯಾವುದರ ಮೇಲೆ ಬಿದ್ದಿದೆ, ಎಲ್ಲಿ ನಿಂತುಹೋಗಿದೆ ಎಂದು ನಿಧಾನವಾಗಿ ನೋಡುವುದು. ಆಮೇಲೆಯೇ ನಮಸ್ಕಾರ, ಕುಶಲ ಎಲ್ಲ.

ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಜರ್ಮನ್‌ನಲ್ಲಿ. ನನ್ನದು ಅಂಗಡಿ ಜರ್ಮನ್, ಅವರದು ಹಳೇಕಾಲದ ಮರ್ಯಾದೆಯ ಜರ್ಮನ್. ನನ್ನನ್ನು ಅವರು 'ಫ್ರಾವ್ ನಾಖ್ಬಾರಿನ್' ಎಂದೇ ಕರೆದರು, ನೆರೆಮನೆಯ ಅಮ್ಮ ಎಂದ ಹಾಗೆ. ಇಲ್ಲಿ ಎಲ್ಲವನ್ನೂ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

"ಅಜ್ಜ, ಮುಕ್ಕಾಲು ಪಾಲಿನಲ್ಲಿ ನೀವು ಎಂತದೂ ಬರೆದೇ ಇಲ್ಲ. ಅಷ್ಟಕ್ಕೂ ನಾನು ದುಡ್ಡು ಕೊಡಬೇಕಾ?" ಎಂದೆ.

"ಫ್ರಾವ್ ನಾಖ್ಬಾರಿನ್, ಬೆಳಕು ಬಿದ್ದ ಜಾಗ ಎರಡು ದಿನದ ಕೆಲಸ. ಉಳಿದದ್ದಕ್ಕೆ ಒಂದು ಇಡೀ ಚಳಿಗಾಲ ಹೋಯಿತು. ನ್ಯಾಯವಾಗಿ ಕತ್ತಲೆಗೇ ಹೆಚ್ಚು ತೆಗೆದುಕೊಳ್ಳಬೇಕು. ನೀವು ನೆರೆಯವರು ಅಂತ ಎರಡಕ್ಕೂ ಒಂದೇ ದರ ಹಾಕಿದ್ದೇನೆ."

ಪಕ್ಕದಲ್ಲಿದ್ದ ನನ್ನ ಗಂಡ ಕನ್ನಡದಲ್ಲಿ ಗೊಣಗಿದರು. "ಎಂತ ಮಾರಾಯ್ತಿ, ಕಪ್ಪು ಬಣ್ಣಕ್ಕೂ ಫುಲ್ ಪೇಮೆಂಟಾ? ನಿನ್ನನ್ನೇ ಬೋಳಿಸುವ ಜನ ಈ ಊರಲ್ಲಿ ಉಂಟಲ್ಲ."

"ನೀವು ಸುಮ್ನಿರಿ. ಹತ್ತಿರ ಹೋಗಿ ನೋಡಿ," ಎಂದೆ.

ಹತ್ತಿರ ಹೋದರೆ ಕತ್ತಲೆಯೊಳಗೆ ಒಂದೊಂದೇ ಕಾಣುತ್ತದೆ. ಅಮೆರಿಕದ ಬಯಲುಸೀಮೆಗೆ ಮೊದಮೊದಲು ಹೋಗಿ ನೆಲೆಸಿದವರು ಹುಲ್ಲುಬೇರಿನ ಮಣ್ಣುಹೆಂಟೆಗಳನ್ನು ಇಟ್ಟಿಗೆಯಂತೆ ಕೊಯ್ದು ಕಟ್ಟಿಕೊಂಡ ಮನೆ ಅದು. ಮೇಜಿನ ಮೇಲೆ ಕೊಬ್ಬಿನ ಮೇಣದ ಬತ್ತಿ ಒಂದು. ಅದರ ಬೆಳಕಿನಲ್ಲಿ ಒಬ್ಬಳು ಹೆಂಗಸು ಅಂಗಿ ಹೊಲಿಯುತ್ತಿದ್ದಾಳೆ. ಬೆಳಕು ಅವಳ ಬೆರಳು, ಗಲ್ಲ ದಾಟಿ ಮುಂದೆ ಹೋಗುವುದಿಲ್ಲ. ಆದರೆ ಸ್ವಲ್ಪ ಹೊತ್ತು ನಿಂತರೆ ಹಿಂದೆ ಬೂಟು ಬಿಚ್ಚುತ್ತಿರುವ ಗಂಡಸು ಕಾಣುತ್ತಾನೆ, ಗೋಡೆಗೆ ಆನಿಸಿದ ಗುದ್ದಲಿ ಕಾಣುತ್ತದೆ, ತೊಟ್ಟಿಲಿನ ಒಂದು ಅಂಚು ಕಾಣುತ್ತದೆ. ಒಂದು ಮೂಲೆಯ ಸಣ್ಣ ಕಿಟಕಿಯಲ್ಲಿ ಹೊರಗಿನ ಹಿಮ, ಮುಸ್ಸಂಜೆ. ನನ್ನ ಗಂಡ ಮೂಗನ್ನು ಕ್ಯಾನ್ವಾಸಿಗೆ ತಾಗಿಸಿ ಬಹಳ ಹೊತ್ತು ನಿಂತರು. ಆಮೇಲೆ ಬೆಲೆಯ ಸುದ್ದಿ ಎತ್ತಲಿಲ್ಲ.

ಅಜ್ಜನ ಪರಿಚಯವಾದದ್ದು ವಾಸನೆಯಿಂದ. ನಾವು ಈ ಕಟ್ಟಡಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದ್ದರು: ಕಟ್ಟಡದಲ್ಲಿ ಕೆಟ್ಟ ವಾಸನೆ ಬರುತ್ತಿದೆ, ಕಾರಣರಾದವರು ದಯವಿಟ್ಟು ನಿಲ್ಲಿಸಬೇಕು. ಹೆಸರು ಇರಲಿಲ್ಲ. ಇದು ನನ್ನ ಒಣಮೀನಿನ ಮೇಲೆಯೇ ಬಂದ ಮಾತು ಎಂದು ನಾನು ತೀರ್ಮಾನಿಸಿಬಿಟ್ಟೆ. ಊರಿನಿಂದ ಬರುವಾಗ ಮೂರು ಪ್ಲಾಸ್ಟಿಕ್ ಸುತ್ತಿ ತಂದ ಮೀನು. ಅದನ್ನು ಬಾಲ್ಕನಿಯ ಡಬ್ಬಿಗೆ ಹಾಕಿದೆ. ಒಗ್ಗರಣೆಗೆ ಬೆಳ್ಳುಳ್ಳಿ ಬಿಟ್ಟೆ. ಗಂಡ ಬರೀ ಮೊಸರನ್ನ ತಿಂದು ಸೊರಗಿದರು. ಆದರೂ ವಾಸನೆ ಹೋಗಲಿಲ್ಲ. ಇನ್ನು ಕ್ಷಮೆ ಕೇಳುವುದೇ ಸರಿ ಎಂದು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರನ್ನು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದರೆ, ಅಲ್ಲಿ ಎತ್ತರದ ಮುದುಕರೊಬ್ಬರು ಗ್ಯಾಸ್ ಒಲೆಯ ಮೇಲೆ ಕುರಿಕೊಬ್ಬು ಕರಗಿಸುತ್ತಿದ್ದಾರೆ.

"ವಾಸನೆ ನನ್ನದು," ಎಂದೆ ನಾನು, ಕಲಿತುಕೊಂಡು ಬಂದ ವಾಕ್ಯ ಅದೊಂದೇ.

"ಇಲ್ಲಮ್ಮ, ನನ್ನದು," ಎಂದರು ಅವರು. "ಮೇಣದ ಬತ್ತಿ ಮಾಡುತ್ತಿದ್ದೇನೆ. ಆ ಚೀಟಿ ಪ್ರತಿವರ್ಷ ನನಗೇ ಅಂಟಿಸುವುದು."

ಆವತ್ತು ನಾನು ಮೇಲೆ ಬಂದು ಮಾಡಿದ ಮೊದಲ ಕೆಲಸ ಮೀನು ಹುರಿದದ್ದು. ನಿಮಗೂ ಹೇಳುತ್ತೇನೆ, ಪರದೇಶದಲ್ಲಿ ಚೀಟಿ ನೋಡಿದ ಕೂಡಲೇ ತಲೆ ತಗ್ಗಿಸಬೇಡಿ. ಯಾರಿಗೆ ಎಂದು ಮೊದಲು ಕೇಳಿ.

ಅವರು ಬರೆಯುತ್ತಿದ್ದುದೆಲ್ಲ ಆ ಒಂದೇ ಲೋಕದ ಚಿತ್ರಗಳು: ಬಟ್ಟೆ ಹೊದಿಸಿದ ಬಂಡಿಗಳ ಸಾಲು, ಮಣ್ಣಿನ ಮನೆಗಳು, ತುಪ್ಪಳ ಮಾರುವವರ ಬಿಡಾರ, ನದಿ ದಾಟುವ ದನಗಳು. ಈ ದೇಶದ ಹಳೆಯ ತಲೆಮಾರಿನವರಿಗೆ ಅದರ ಹುಚ್ಚು ಚಿಕ್ಕಂದಿನ ಕಥೆಪುಸ್ತಕಗಳಿಂದ ಹಿಡಿದದ್ದು. ಹಲವರು ದೊಡ್ಡವರಾಗುತ್ತ ಬಿಟ್ಟರು, ಇವರು ಬಿಡಲಿಲ್ಲ. ಆದರೆ ಅಮೆರಿಕಕ್ಕೆ ಹೋದವರೇ ಅಲ್ಲ. ಟಿಕೆಟ್ಟು ಈಗ ಅಗ್ಗ, ನಾನೇ ಒಳ್ಳೆಯ ದರಕ್ಕೆ ಮಾಡಿಸಿಕೊಡುತ್ತೇನೆ ಎಂದರೆ, "ಹೋಗಿ ಏನು ನೋಡಲಿ? ಅಲ್ಲಿ ಕರೆಂಟು ಬಂದಿದೆ," ಎಂದರು.

ಕರೆಂಟು ಬರುವ ಮೊದಲಿನ ಬೆಳಕು ಅವರಿಗೆ ಬೇಕಿತ್ತು. ಅದನ್ನು ನೆಲಮಾಳಿಗೆಯಲ್ಲಿ ಮಾಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟ ಮುಗಿಸಿ ಕೆಳಗಿಳಿದು, ಬಾಗಿಲ ಸಂದಿಗೆ ಕಂಬಳಿ ತುರುಕಿ, ಒಂದು ಬತ್ತಿ ಹಚ್ಚಿ ಎದುರಿಗೆ ಲೋಟ, ಬೂಟು, ಕೆಲವು ಸಲ ನನ್ನನ್ನೂ ಕೂರಿಸುತ್ತಿದ್ದರು. ನನ್ನ ಚಿತ್ರದ ಹೆಂಗಸಿನ ಮುಖ ಯಾರದೋ, ಬೆರಳು ನನ್ನವು. ಬೆಳಕು ತಲುಪದ ಒಂದು ಅಂಗಿಗುಂಡಿಯನ್ನೂ ಅವರು ಬರೆಯುತ್ತಿರಲಿಲ್ಲ. "ಅಲ್ಲಿ ಗುಂಡಿ ಉಂಟು, ನಾನು ನೋಡಿದ್ದೇನೆ," ಎಂದರೆ, "ನೀವು ನೋಡಿದ್ದು ಬೆಳಿಗ್ಗೆ," ಎನ್ನುವರು.

ತಮ್ಮ ಮನೆಯ ಗೋಡೆಯ ತುಂಬ ಅದೇ ಲೋಕವನ್ನು ಬರೆದ ಹಳೆಯ ಚಿತ್ರಕಾರರ ಚಿತ್ರಗಳ ಅಚ್ಚುಪ್ರತಿ ಅಂಟಿಸಿದ್ದರು, ಬೈಯುವುದಕ್ಕಾಗಿಯೇ. "ಇದನ್ನು ನೋಡಿ. ಬೆಂಕಿ ಬಲಗಡೆ ಉರಿಯುತ್ತಿದೆ, ಕುದುರೆಯ ಎಡಹೊಟ್ಟೆ ಹೊಳೆಯುತ್ತಿದೆ. ಎಡಗಡೆ ಯಾರು, ದೇವರು ಟಾರ್ಚು ಹಿಡಿದು ನಿಂತಿದ್ದಾನೆಯೇ?" ಬೆಟ್ಟಗಳಿಗೆಲ್ಲ ಬಂಗಾರದ ನೀರು ಹೊಯ್ದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದಕ್ಕಿಂತ ಸಿಟ್ಟು ಬರಿಸುತ್ತಿದ್ದುದು ಇನ್ನೊಂದು. ಆ ಚಿತ್ರಗಳಲ್ಲಿ ಹೊಸದಾಗಿ ಬಂದ ಬಿಳಿಯರ ಮೇಲೆ ಸೂರ್ಯ, ಮೊದಲಿನಿಂದ ಆ ನೆಲದಲ್ಲಿ ಇದ್ದವರ ಮೇಲೆ ಮೋಡದ ನೆರಳು. "ನೆಲ ಯಾರದ್ದು ಅಂತ ಚಿತ್ರಕಾರ ಮೊದಲೇ ತೀರ್ಪು ಬರೆದು, ಆಮೇಲೆ ಸೂರ್ಯನ ಕೈಯಲ್ಲಿ ಸಹಿ ಹಾಕಿಸಿದ್ದಾನೆ. ಬೆಂಕಿಗೆ ಪಕ್ಷ ಇಲ್ಲ ಫ್ರಾವ್ ನಾಖ್ಬಾರಿನ್. ಹತ್ತಿರ ಕೂತವನ ಮುಖಕ್ಕೆ ಬೀಳುತ್ತದೆ, ಅಷ್ಟೇ."

'ಬೆಳಕು ಎಲ್ಲಿಂದ?' ಎನ್ನುವುದು ಅವರು ಎಲ್ಲದಕ್ಕೂ ಕೇಳುವ ಪ್ರಶ್ನೆ. ನಮ್ಮ ಮದುವೆಯ ಆಲ್ಬಮ್ ತೋರಿಸಿದಾಗಲೂ ಅದನ್ನೇ ಕೇಳಿದರು. ಧಾರೆಯ ಹೊತ್ತಿನ ಫೋಟೋದಲ್ಲಿ ನಮ್ಮ ಮುಖ ಸುಣ್ಣ ಬಳಿದಂತಿದೆ, ಹಿಂದಿನ ನೆಂಟರೆಲ್ಲ ಮಸಿ. "ವಿಡಿಯೋದವರ ಲೈಟು," ಎಂದೆ. "ಮಂಟಪದ ಮೇಲೆಯೇ ಹತ್ತಿ ನಿಂತಿದ್ದರು." ಅಜ್ಜ ಆಲ್ಬಮ್ ಮುಚ್ಚಿ ಕೈಮುಗಿದರು. ನನ್ನ ಮಗಳು ಆಗ ಸಣ್ಣವಳು, ನಾವು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುವವಳು. ಅಜ್ಜನ ಹಾಗೆಯೇ ಕೈ ಎತ್ತಿಕೊಂಡು "ವೋಹೇರ್ ಕೊಮ್ಟ್ ಡಾಸ್ ಲಿಖ್ಟ್?" ಎಂದು ಮನೆಯೆಲ್ಲ ಸುತ್ತುತ್ತಿದ್ದಳು.

ನನ್ನ ಅಂಗಡಿಗೆ ಮೊದಲ ಸಲ ಬಂದಾಗಲೂ ಅಂಗೈ ಎತ್ತಿದರು. ನಾನು ಧಾರಾಳವಾಗಿ ಟ್ಯೂಬ್‌ಲೈಟು ಹಾಕಿಸಿದ್ದೆ, ಗಿರಾಕಿಗೆ ಎಲ್ಲವೂ ಕಾಣಲಿ ಎಂದು. "ನಿಮ್ಮ ಸಾಮಾನಿಗೆಲ್ಲ ಜ್ವರ ಬಂದ ಹಾಗಿದೆ," ಎಂದರು. ಅರ್ಧ ದೀಪ ತೆಗೆಸಿದರು. ಒಂದು ಬೀರುವನ್ನು ಕಿಟಕಿಗೆ ಅಡ್ಡವಾಗಿ ತಿರುಗಿಸಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಮಾಡಿ, ಕುರ್ಚಿಗಳ ಹತ್ತಿರ ಒಂದು ತಗ್ಗಿನ ದೀಪ ಇಟ್ಟರು. ಓಕ್ ಮರದ ಎಳೆ ಎದ್ದು ಕಂಡಿತು. ವರ್ಷದಿಂದ ಧೂಳು ಕುಡಿಯುತ್ತಿದ್ದ ಆ ಬೀರು ಅದೇ ವಾರ ಹೋಯಿತು. ನನ್ನ ಅಂಗಡಿ ಇಂದು ನಾಲ್ಕು ಜನ ಹೇಳುವಂತಿದ್ದರೆ ಅದು ಆ ಮಧ್ಯಾಹ್ನದಿಂದ. ಸಲಹೆಗೆ ಅವರು ತೆಗೆದುಕೊಂಡದ್ದು ಗುರುವಾರದ ಒಂದು ತಟ್ಟೆ ಸಾರನ್ನ. ಗುರುವಾರ ಬಂತೆಂದರೆ ಎಷ್ಟೋ ವರ್ಷ ಅದೇ ನಡೆಯಿತು.

ಹಾಗಿರುವಾಗ ಅವರಿಗೆ ಜೀವಮಾನದ ದೊಡ್ಡ ಕೆಲಸ ಸಿಕ್ಕಿತು. ಇಲ್ಲಿಂದ ಉತ್ತರಕ್ಕಿರುವ ಒಂದು ಸಣ್ಣ ಊರಿನಿಂದ ಹಿಂದೆ ಬಹಳ ಜನ ಅಮೆರಿಕಕ್ಕೆ ವಲಸೆ ಹೋಗಿದ್ದರಂತೆ. ಆ ಊರಿನ ವಸ್ತುಸಂಗ್ರಹಾಲಯದವರು ಒಂದು ಇಡೀ ಗೋಡೆ ತುಂಬುವಂಥ ಕ್ಯಾನ್ವಾಸ್ ಚಿತ್ರ ಕೇಳಿದರು. ಅಕಾಲದ ಹಿಮ ಬಿದ್ದ ಬಯಲಿನಲ್ಲಿ ಮುಸ್ಸಂಜೆ, ನಿಂತ ಬಂಡಿಗಳು, ನಡುವೆ ಬೆಂಕಿ. ಬೆಂಕಿಯ ಸುತ್ತ ವಲಸೆ ಬಂದ ಸಂಸಾರ, ಮತ್ತು ವ್ಯಾಪಾರಕ್ಕೆ ಬಂದು ಅದೇ ಬೆಂಕಿಗೆ ಕೈಕಾಯಿಸುತ್ತಿರುವ ಇಬ್ಬರು ಅಲ್ಲಿಯ ಮೂಲದವರು. ಎಲ್ಲರ ಮುಖದ ಮೇಲೂ ಒಂದೇ ಬೆಳಕು. "ಇದೊಂದು ಸರಿಯಾಗಿ ಮುಗಿದರೆ ಸಾಕು," ಎನ್ನುತ್ತಿದ್ದರು ಅಜ್ಜ. ಆ ಸಾಕು ಎನ್ನುವ ಮಾತನ್ನು ಅವರ ವಯಸ್ಸಿನವರು ಹಗುರಾಗಿ ಆಡುವುದಿಲ್ಲ.

ಬಂಡಿಗೆ ಹೊದಿಸುವ ಬಟ್ಟೆಗೆ ಮಾದರಿ ಬೇಕೆಂದು ಅಂಗಡಿಗೆ ಬಂದರು. ನನ್ನಲ್ಲಿ ಎರಡು ನಾರುಬಟ್ಟೆಯ ಹಾಸುಗಳಿದ್ದವು. ಒಂದು ಹಾಲಿನಂತೆ ಬಿಳಿ. ಇನ್ನೊಂದು ಅಟ್ಟದಲ್ಲಿ ವರ್ಷಗಟ್ಟಲೆ ಮಡಚಿಟ್ಟು ಹಳದಿಗಟ್ಟಿದ್ದು, ನಾನು ಸುಮ್ಮನೆ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ.

"ಎರಡೂ ಒಂದೇ ತರ ಬಿಳಿ ಇವೆ," ಎಂದರು. "ಅಗ್ಗದ್ದು ಕೊಡಿ."

ತಮಾಷೆ ಎಂದುಕೊಂಡೆ. ಕಿಟಕಿಯ ಹತ್ತಿರ ಒಯ್ದು ಎರಡನ್ನೂ ಪಕ್ಕಪಕ್ಕ ಹಿಡಿದೆ. ಅಂಗೈ ಎತ್ತಿದರು, ನೋಡಿದರು. "ಇದರಲ್ಲಿ ಏನು ವ್ಯತ್ಯಾಸ?"

ನನ್ನ ಮಾವನಿಗೆ ಊರಿನಲ್ಲಿ ಕಣ್ಣಿನ ಪೊರೆ ಬಂದಾಗ ಹೀಗೆಯೇ ಆಗಿತ್ತು. ತಿಂಗಳುಗಟ್ಟಲೆ ಹಳದಿ ಪಂಚೆಯನ್ನು ಬಿಳಿಯದೆಂದು ಉಟ್ಟುಕೊಂಡು ಮದುವೆಮನೆಗೆಲ್ಲ ಹೋಗಿದ್ದರು. ನಾನು ಅಂಗಡಿಗೆ ಬೀಗ ಹಾಕಿ ಅಜ್ಜನ ಜೊತೆ ಅವರ ಮನೆಗೆ ಹೋದೆ, ಹೊಸ ಚಿತ್ರ ನೋಡಲು. ಬೆಂಕಿ ಸರಿಯಾಗಿತ್ತು, ಮುಖಗಳು ಸರಿಯಾಗಿದ್ದವು. ಆದರೆ ದೂರದ ಹಿಮ? ಒಗೆದ ಬಟ್ಟೆಗೆ ನೀಲಿ ಜಾಸ್ತಿ ಹಾಕಿದ ಹಾಗೆ. ವ್ಯಾಪಾರದಲ್ಲಿ ಸಾಮಾನಿನ ಐಬನ್ನು ಮಾರುವವನ ಎದುರು ಹೇಳುವುದು ಸಲೀಸು. ಇಲ್ಲಿ ಸಲೀಸಿರಲಿಲ್ಲ. ಆದರೂ ಹೇಳಿದೆ: ಹಿಮ ನೀಲಿಯಾಗಿದೆ, ಕಣ್ಣಿಗೆ ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿ.

ಅವರು ಸ್ಟೂಲಿನ ಮೇಲೆ ಕೂತರು. "ನನಗೂ ಅನುಮಾನ ಇತ್ತು," ಎಂದರು. "ಕಣ್ಣು ಕೆಡುವುದಕ್ಕೆ ಹೆದರುತ್ತಿಲ್ಲ. ಸರಿಹೋಗುವುದಕ್ಕೇ ಹೆದರಿಕೆ. ಆಪರೇಷನ್ ಆದ ಮೇಲೆ ಇಷ್ಟು ವರ್ಷ ನಾನು ಬರೆದದ್ದೆಲ್ಲ ಸುಳ್ಳು ಅಂತ ಕಂಡರೆ? ಇನ್ನೊಮ್ಮೆ ಬರೆಯುವಷ್ಟು ಆಯುಷ್ಯ ಇಲ್ಲ. ಈಗ ಗೊತ್ತಿಲ್ಲದೆ ಸುಖವಾಗಿದ್ದೇನೆ."

"ಈಗ ಗೊತ್ತಾಯ್ತಲ್ಲ. ನಾನು ಹೇಳಿಬಿಟ್ಟೆನಲ್ಲ."

"ಅದೇ ತಪ್ಪಾದದ್ದು," ಎಂದು ನಕ್ಕರು. ಆದರೆ ಒಪ್ಪಲಿಲ್ಲ.

ಮುಂದಿನ ಎರಡು ಗುರುವಾರ ಊಟಕ್ಕೂ ಬರಲಿಲ್ಲ. ಗಂಡ ಕೇಳಿದರು: "ನಿನಗೆ ಯಾಕೆ ಬೇಕಿತ್ತು? ಅವರ ಕಣ್ಣು, ಅವರ ಪಿಕ್ಚರ್." ಮೂರನೆಯ ಗುರುವಾರ ಸಾರಿನ ಪಾತ್ರೆ ಹಿಡಿದುಕೊಂಡು ನಾನೇ ಹತ್ತಿದೆ. ಒಪ್ಪಿಸುವ ಮಾತು ಬಿಟ್ಟು ಚೌಕಾಶಿಗೆ ಕೂತೆ.

"ಅಜ್ಜ, ಎರಡು ಬೇಡ. ಒಂದೇ ಕಣ್ಣು ಮಾಡಿಸಿ. ಇನ್ನೊಂದು ಹಳೆಯದು ಹಾಗೇ ಇರಲಿ. ಹೊಸ ಕಣ್ಣಿಗೆ ನಿಮ್ಮ ಚಿತ್ರ ಚೆಂದ ಕಾಣದಿದ್ದರೆ ಅದನ್ನು ಮುಚ್ಚಿಕೊಂಡು ಹಳೆಯದರಲ್ಲಿ ನೋಡಿಕೊಳ್ಳಿ. ನಿಮಗೆ ಎಂತದು ನಷ್ಟ?"

ಡಾಕ್ಟರುಗಳು ಹೇಗೂ ಸಾಮಾನ್ಯವಾಗಿ ಒಂದೊಂದೇ ಕಣ್ಣು ಮಾಡುವುದು ಎಂದು ನನಗೆ ಗೊತ್ತಿತ್ತು. ಅದನ್ನು ಬಾಯಿ ಬಿಡಲಿಲ್ಲ. ನಮ್ಮ ಕಸುಬಿನಲ್ಲಿ ಅಷ್ಟು ಇರುತ್ತದೆ.

ಅಜ್ಜ ಒಂದು ತುತ್ತು, ಎರಡು ತುತ್ತು ಉಂಡರು. "ಯಾವ ಕಣ್ಣು?" ಎಂದರು. ಆಗಲೇ ನನಗೆ ವ್ಯಾಪಾರ ಕುದುರಿದ್ದು ಗೊತ್ತಾಯಿತು.

ಕಣ್ಣಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಟೆರ್ಮೀನ್ ಎಂದು ಕರೆಯುವ ಭೇಟಿಯ ದಿನ ಸಿಗುವುದು ಇಲ್ಲಿ ತಡ. ಯಾರಾದರೂ ರದ್ದು ಮಾಡಿದರೆ ನಮ್ಮನ್ನು ಕರೆಯಿರಿ ಎಂದು ಕೌಂಟರಿನಲ್ಲಿ ನಗುಮುಖದಿಂದ ಹೇಳಿ ಬಂದಿದ್ದೆ, ಕರೆದರು. ಡಾಕ್ಟರಮ್ಮ ಒಳಗೆ ಇಡುವ ಲೆನ್ಸಿನ ಬಗ್ಗೆ ಚೆನ್ನಾಗಿ ವಿವರಿಸಿದರು. ಎಲ್ಲ ಕೇಳಿದ ಮೇಲೆ, ಗಾಜಿನ ಸಾಮಾನು ಕೊಳ್ಳುವಾಗ ಕೇಳುವ ಅಭ್ಯಾಸದಿಂದ ನಾನು ಕೇಳಿದೆ: "ಇದಕ್ಕೆ ಬಣ್ಣ ಉಂಟಾ?" ಸ್ವಲ್ಪ ಹಳದಿ ಛಾಯೆ ಇದೆ, ಹೆಚ್ಚಿನವರಿಗೆ ಅದೇ ಹಾಕುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. "ಇವರು ಚಿತ್ರ ಬರೆಯುವವರು," ಎಂದೆ. ಡಾಕ್ಟರಮ್ಮ ಅಜ್ಜನ ಬೆರಳುಗಳನ್ನು ನೋಡಿದರು. ಬಣ್ಣವೇ ಇಲ್ಲದ್ದೂ ಸಿಗುತ್ತದೆ, ಅದನ್ನೇ ಇಡೋಣ ಎಂದರು.

ಕಣ್ಣಿನ ಪಟ್ಟಿ ಬಿಚ್ಚಿ, ಉರಿ ಇಳಿದ ಮೇಲೆ ಒಂದು ಬೆಳಿಗ್ಗೆ ಅಜ್ಜ ಬಾಗಿಲು ತಟ್ಟಿದರು. "ಬನ್ನಿ, ಒಬ್ಬನೇ ನೋಡಲಾರೆ." ಮೇಲೆ ಹೋದೆವು. ದೊಡ್ಡ ಚಿತ್ರದ ಎದುರು ನಿಂತು ಅಂಗೈಯಿಂದ ಹೊಸ ಕಣ್ಣು ಮುಚ್ಚಿದರು, ತೆಗೆದರು. ಹಳೆಯ ಕಣ್ಣು ಮುಚ್ಚಿದರು, ತೆಗೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಬೆಂಕಿ ಸರಿ ಇದೆ," ಎಂದರು. ಇನ್ನೊಮ್ಮೆ ಕಣ್ಣು ಬದಲಿಸಿ ನೋಡಿ, "ಮುಖಗಳೂ ಸರಿ ಇವೆ. ಬಂಡಿಯ ಬಟ್ಟೆ ಸರಿ ಇದೆ. ಹಿಮ ಮಾತ್ರ ಅಸಹ್ಯ."

ಆಮೇಲೆ ಕೂತು ಅವರೇ ಕಾರಣ ಹುಡುಕಿದರು. ನೆಲಮಾಳಿಗೆಯಲ್ಲಿ ಬತ್ತಿ ಹಚ್ಚಿ, ಎದುರಿಗಿಟ್ಟು ನೋಡಿ ಬರೆದದ್ದೆಲ್ಲ ಉಳಿದಿತ್ತು. ಹಳದಿ ಕಣ್ಣಿಗೆ ವಸ್ತುವೂ ಹಳದಿ, ಬಣ್ಣವೂ ಹಳದಿ, ಎರಡೂ ಹೊಂದಿಕೊಂಡಿದ್ದವು. ಹಿಮವನ್ನು ನೆಲಮಾಳಿಗೆಗೆ ತರಲು ಆಗಿರಲಿಲ್ಲ, ಅದನ್ನು ಮನಸ್ಸಿನಿಂದ ಬರೆದಿದ್ದರು. ಮನಸ್ಸಿನಲ್ಲಿದ್ದ ನೀಲಿ ಕ್ಯಾನ್ವಾಸಿನ ಮೇಲೆ ಕಾಣುವವರೆಗೆ ಸುರಿಯುತ್ತಲೇ ಹೋಗಿದ್ದರು. "ನೋಡಿದ್ದು ಸುಳ್ಳಾಗಲಿಲ್ಲ," ಎಂದು ಹೇಳಿ ಅಜ್ಜ ಹೊಸ ಕಣ್ಣನ್ನು ಒರೆಸಿಕೊಂಡರು. ಒರೆಸಬಾರದು ಎಂದು ಡಾಕ್ಟರು ಹೇಳಿದ್ದರು, ನಾನು ನೆನಪಿಸಿದೆ.

ಹಿಮ ತಿದ್ದಿದರು. ವಸ್ತುಸಂಗ್ರಹಾಲಯದವರು ಬಂದು ಕೊಂಡುಹೋದರು. ಎರಡನೆಯ ಕಣ್ಣನ್ನು ಮಾತ್ರ ಮುಂದೂಡುತ್ತಲೇ ಹೋದರು. ಹಳೆಯ ನೆನಪಿಗೆ ಒಂದಿರಲಿ ಎನ್ನುವ ಹುಡುಗಾಟ. ಮೆಟ್ಟಿಲಿಳಿಯುವಾಗ ಎಡವತೊಡಗಿದರು. ಹೀಗಿರುವಾಗ ಒಂದು ಗುರುವಾರ ನಮ್ಮ ಹಾಲಿಗೆ ಬಂದವರು ಉಣ್ಣದೆ ನನ್ನ ಚಿತ್ರದ ಎದುರು ನಿಂತುಬಿಟ್ಟರು.

"ಆ ಕಿಟಕಿಯ ಹಿಮ. ಹತ್ತು ನಿಮಿಷದ ಕೆಲಸ. ಬಣ್ಣ ತಂದಿದ್ದೇನೆ."

"ಅದು ಮಾರಿದ ಮಾಲು ಅಜ್ಜ. ಈಗ ನನ್ನದು. ಮುಟ್ಟಲು ಬಿಡುವುದಿಲ್ಲ."

"ಫ್ರಾವ್ ನಾಖ್ಬಾರಿನ್, ಅದು ತಪ್ಪು ನೀಲಿ. ನಾನು ಹೇಗೆ ಊಟ ಮಾಡಲಿ ಅದರ ಎದುರು?"

"ಇನ್ನೊಂದು ಕಣ್ಣು ಮಾಡಿಸಿಕೊಂಡು ಬನ್ನಿ. ಆಮೇಲೆ ಮುಟ್ಟಿ."

ಗಂಡ ತಟ್ಟೆ ಹಿಡಿದು ನಗು ತಡೆಯುತ್ತಿದ್ದರು. ಅಜ್ಜ ನನ್ನನ್ನು ದುರುಗುಟ್ಟಿ ನೋಡಿದರು. "ನೀವು ಬಹಳ ಕೆಟ್ಟ ವ್ಯಾಪಾರಿ," ಎಂದರು. ನಾನು ಬಡಿಸಿದೆ. ಆ ತಿಂಗಳೇ ಹೋಗಿ ಮಾಡಿಸಿಕೊಂಡರು.

ಕಿಟಕಿ ತಿದ್ದಲು ಹತ್ತು ನಿಮಿಷವಲ್ಲ, ಇಡೀ ಮಧ್ಯಾಹ್ನ ಹಿಡಿಯಿತು. ಮೊದಲು ನಮ್ಮ ಮನೆಗೆ ಬಂದವರು ಆ ನೀಲಿ ಚೌಕವನ್ನೇ ನೋಡುತ್ತಿದ್ದರು. ಈಗ ಅದು ತಣ್ಣಗೆ ಹಿಂದೆ ಸರಿದಿದೆ. ಬಂದವರ ಕಣ್ಣು ನೇರ ಹೆಂಗಸಿನ ಸೂಜಿಗೆ ಹೋಗುತ್ತದೆ. ಆಮೇಲೂ ಅಜ್ಜ ನಾಲ್ಕು ಚಳಿಗಾಲ ಎರಡೂ ಕಣ್ಣು ತೆರೆದು ಬರೆದರು, ಮೆಟ್ಟಿಲನ್ನು ಸರಾಗ ಇಳಿದರು, ಚೀಟಿ ಅಂಟಿಸಿಕೊಂಡರು. ಕಳೆದ ವಸಂತದಲ್ಲಿ ಒಂದು ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರು. ಮುಖದಲ್ಲಿ ಸಂಕಟ ಇರಲಿಲ್ಲ. ಆಮೇಲೆ ಆ ವಲಸೆಯ ಊರಿಗೆ ನಾನು, ಗಂಡ, ಮಗಳು ಮೂವರೂ ಹೋಗಿ ಗೋಡೆಯ ಚಿತ್ರ ನೋಡಿಬಂದೆವು. ಅದರ ಎದುರು ಒಂದು ಬೆಂಚು ಹಾಕಿದ್ದಾರೆ. ಜನ ಬೆಂಕಿಗೆ ಕೂತ ಹಾಗೆ ಅಲ್ಲಿ ಕೂರುತ್ತಾರೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ, ಅವರ ಕಣ್ಣನ್ನು ಈ ವರ್ಷವೇ ತೋರಿಸಿ. ಚೆನ್ನಾಗಿ ಕಾಣುತ್ತದೆ ಎಂದು ಅವರು ಹೇಳಿದರೆ ನಂಬಬೇಡಿ. ನಿಧಾನವಾಗಿ ಬಂದ ಮಬ್ಬು ಅವರಿಗೆ ಗೊತ್ತಾಗುವುದಿಲ್ಲ. ಹಟ ಹಿಡಿದರೆ ವಾದ ಮಾಡಬೇಡಿ, ಒಂದು ಕಣ್ಣಿಗೆ ಒಪ್ಪಿಸಿ. ಲೆನ್ಸಿಗೆ ಬಣ್ಣ ಇದೆಯೇ ಎಂದು ಡಾಕ್ಟರರನ್ನು ಬಾಯಿಬಿಟ್ಟು ಕೇಳಿ, ನಿಮ್ಮ ಹಿರಿಯರು ಮಾಡುವ ಕೆಲಸ ಏನೆಂದೂ ಹೇಳಿ. ಪಟ್ಟಿ ಬಿಚ್ಚಿದ ಮೇಲೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಮೊದಲು ಏನನ್ನು ನೋಡಲು ಹೋಗುತ್ತಾರೋ ಅಲ್ಲಿಗೆ ನೀವೂ ಹೋಗಿ ಪಕ್ಕದಲ್ಲಿ ನಿಲ್ಲಿ.